ತಂದೆಯ ಕಣ್ಣಿನಿಂದ ತಾಯಿಯನ್ನು ಕಂಡವಳು

ತಾಯಿಗೂ ಮಗಳಿಗೂ ಹೊಂದಿಕೆಯಾಗದೆ ಹೋದ ಮನೆಯನ್ನು ಕುರಿತು ಲೋಕವು ಬಹಳ ಸುಲಭವಾಗಿ ಮಾತನಾಡುತ್ತದೆ. ತಂದೆಗೂ ಮಗನಿಗೂ ಬಿರುಕುಂಟಾದರೆ ಆಸ್ತಿಯ ಪಾಲೊ, ವಿದ್ಯಾಭ್ಯಾಸದ ವಿಚಾರವೊ, ಮನೆಯವರು ಒಪ್ಪದ ಮದುವೆಯೊ, ಹೇಳಿಕೊಳ್ಳಬಹುದಾದ ಯಾವುದಾದರೊಂದು ಕಾರಣವನ್ನು ಹುಡುಕಿ ತೆಗೆಯುವ ನಾವು, ತಾಯಿಮಗಳ ವಿರಸವೆಂದೊಡನೆ ಅದು ಹೆಣ್ಣಿಗೂ ಹೆಣ್ಣಿಗೂ ಇರುವ ಹುಟ್ಟುಗುಣವೆಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಆ ವಿರಸಕ್ಕೂ ಒಂದು ಚರಿತ್ರೆಯುಂಟು, ಆ ಚರಿತ್ರೆಯಲ್ಲಿ ಹಲವು ವೇಳೆ ಮೂರನೆಯವನೊಬ್ಬನ ಕೈವಾಡವಿರುತ್ತದೆ, ತಾಯಿಯ ಮೇಲೆ ಮಗಳಿಗಿರುವ ಕೋಪವು ಅವಳ ಸ್ವಂತ ಸಂಪಾದನೆಯಾಗಿರದೆ ಪಿತ್ರಾರ್ಜಿತವಾಗಿರಬಹುದು ಎಂಬ ಸಂಗತಿಯನ್ನು ನನಗೆ ಮನಗಾಣಿಸಿದುದು ಯಾವ ಶಾಸ್ತ್ರಗ್ರಂಥವೂ ಅಲ್ಲ. ಇಟಲಿಯ ಒಂದು ಚಲನಚಿತ್ರ.

ಚಿತ್ರದ ಹೆಸರು 'ಲಮೊರೆ ಮೊಲೆಸ್ತೊ'. ನೇಪಲ್ಸ್ ನಗರದವನೇ ಆದ ಮಾರಿಯೊ ಮಾರ್ತೊನೆ ನಿರ್ದೇಶಿಸಿ ೧೯೯೫ರಲ್ಲಿ ಹೊರತಂದ ಈ ಚಿತ್ರವು ಅದೇ ವರ್ಷ ಕಾನ್ ಚಿತ್ರೋತ್ಸವದ ಸ್ಪರ್ಧೆಯಲ್ಲಿತ್ತು. ಇಟಲಿಯ ದಾವಿದ್ ದಿ ದೊನಾತೆಲ್ಲೊ ಪ್ರಶಸ್ತಿಗಳಲ್ಲಿ ನಿರ್ದೇಶಕನಿಗೂ, ಮಗಳಾಗಿ ಅಭಿನಯಿಸಿದ ಆನ್ನಾ ಬೊನಯೂತೊಗೂ, ತಾಯಿಯಾಗಿ ಅಭಿನಯಿಸಿದ ಆಂಜೆಲಾ ಲೂಚೆಗೂ ಗೌರವ ಸಂದಿತು. ಮೂಲವು ಎಲೆನಾ ಫೆರಾಂತೆ ಎಂಬ ಹೆಸರಿನಲ್ಲಿ ಬರೆಯುವ ಲೇಖಕಿ ೧೯೯೨ರಲ್ಲಿ ಪ್ರಕಟಿಸಿದ ಮೊದಲ ಕಾದಂಬರಿ. ಈ ಲೇಖಕಿ ತನ್ನ ಮುಖವನ್ನು ಲೋಕಕ್ಕೆ ತೋರಿಸಿದವಳಲ್ಲ. ಚಿತ್ರಕಥೆಯನ್ನು ಕುರಿತ ವಿಚಾರವಿನಿಮಯವೂ ಅವಳಿಗೂ ಮಾರ್ತೊನೆಗೂ ಪತ್ರಮುಖೇನವೇ ನಡೆಯಿತು. ಆ ಪತ್ರಗಳು ಮುಂದೆ ಅವಳ ಗದ್ಯಸಂಗ್ರಹವೊಂದರಲ್ಲಿ ಅಚ್ಚಾಗಿವೆ. ಬಳಿಕ ಬಂದ ನೇಪಲ್ಸಿನ ನಾಲ್ಕು ಸಂಪುಟಗಳಿಂದ ಅವಳ ಹೆಸರು ದೇಶದೇಶಗಳಲ್ಲಿ ಹಬ್ಬಿದೆಯಾದರೂ, ಆ ವಿಸ್ತಾರವಾದ ಕೃತಿಯ ಬೀಜವೆಲ್ಲ ಈ ಸಣ್ಣ ಪುಸ್ತಕದಲ್ಲಿಯೇ ಇದೆಯೆಂದು ನನ್ನ ಎಣಿಕೆ.

ಶೀರ್ಷಿಕೆಯನ್ನು ಕನ್ನಡಕ್ಕೆ ತರುವುದು ಸುಲಭವಲ್ಲ. 'ಮೊಲೆಸ್ತೊ' ಎಂಬ ಶಬ್ದದ ಹಿಂದೆ ಭಾರ ಎಂಬ ಅರ್ಥದ ಲ್ಯಾಟಿನ್ ಧಾತುವಿದೆ. ಮೈಮೇಲೆ ಹೇರಿಕೊಂಡು ಬಿಡದೆ ಕಾಡುವುದು, ಪೀಡಿಸುವುದು ಎಂಬ ಭಾವ ಅದರಲ್ಲಿ ಅಡಗಿದೆ. ಉಪಟಳದ ಪ್ರೀತಿ ಎಂದರೆ ಸ್ವಲ್ಪಮಟ್ಟಿಗೆ ಸಮೀಪಕ್ಕೆ ಬಂದೀತು. ಫ್ರಾಯ್ಡನು ೧೯೩೧ರಲ್ಲಿ ಸ್ತ್ರೀಯರ ಮನೋವಿಕಾಸವನ್ನು ಕುರಿತು ಬರೆದ ಪ್ರಬಂಧದಲ್ಲಿ, ಹೆಣ್ಣುಮಗುವಿನ ಮೊತ್ತಮೊದಲ ಅನುರಾಗವು ತಾಯಿಯ ಮೇಲೆಯೇ ನೆಲೆಗೊಳ್ಳುತ್ತದೆಯೆಂದೂ, ಆ ದೆಸೆಯಲ್ಲಿ ತಂದೆಯು ಅದಕ್ಕೆ ತೊಂದರೆ ಕೊಡುವ ಪ್ರತಿಸ್ಪರ್ಧಿಗಿಂತ ಹೆಚ್ಚಿನವನಲ್ಲವೆಂದೂ ಹೇಳಿದ್ದಾನೆ. ಚಿತ್ರವನ್ನು ನೋಡುವಾಗ ಈ ಮಾತು ನೆನಪಿನಲ್ಲಿದ್ದರೆ ಒಳ್ಳೆಯದು. ತಾಯಿಯನ್ನು ಪ್ರಾಣಕ್ಕಿಂತ ಹೆಚ್ಚಾಗಿ ಬಯಸಿದ ಮಗುವೊಂದು ಆ ಬಯಕೆಯ ಕಾರಣದಿಂದಲೇ ತಾಯಿಗೆ ದ್ರೋಹ ಬಗೆದ ವೃತ್ತಾಂತವೇ ಈ ಚಿತ್ರದ ತಿರುಳು.

ಕಥೆ ಮರಣದಿಂದ ಮೊದಲಾಗುತ್ತದೆ. ಬೊಲೊನಾ ನಗರದಲ್ಲಿ ಚಿತ್ರಕಥಾಪತ್ರಿಕೆಗಳಿಗೆ ಚಿತ್ರ ಬರೆದು ಏಕಾಕಿನಿಯಾಗಿ ಜೀವಿಸುತ್ತಿರುವ ದೆಲಿಯಾ ನಡುವಯಸ್ಸಿನ ಹೆಂಗಸು. ಕತ್ತರಿಸಿದ ಕೂದಲು, ಬಿಗಿದ ತುಟಿ, ಬಣ್ಣಗೆಟ್ಟ ಉಡುಪು, ಅಳತೆ ಮಾಡಿ ಆಡಿದ ಮಾತು. ಅರವತ್ತು ದಾಟಿದ ತಾಯಿ ಅಮಾಲಿಯಾ ಮಗಳನ್ನು ನೋಡಲು ಹೊರಟವಳು ಬಂದು ಸೇರುವುದಿಲ್ಲ. ದೂರವಾಣಿಯಲ್ಲಿ ಅವಳ ವಿಚಿತ್ರವಾದ ಮಾತು, ಅದರ ನಡುವೆ ನಗು, ಆಮೇಲೆ ಮೌನ. ಶವ ಸಮುದ್ರದಲ್ಲಿ ಸಿಕ್ಕಿತೆಂಬ ವಾರ್ತೆ ಬರುತ್ತದೆ. ಜೀವಮಾನವೆಲ್ಲ ಇತರರ ಬಟ್ಟೆ ಹೊಲಿದು, ತನ್ನ ಹರಕಿಗೆ ತಾನೇ ತೇಪೆ ಹಾಕಿಕೊಂಡು ಬದುಕಿದ ಆ ದರ್ಜಿ ಹೆಂಗಸಿನ ಮೈಮೇಲೆ ಇದ್ದುದು ಬೆಲೆಬಾಳುವ ಹೊಸ ಒಳಉಡುಪೊಂದೇ. ಪೋಲೀಸರಿಗೆ ಅದು ಪ್ರಕರಣದ ಒಂದು ವಿವರ. ಮಗಳಿಗಾದರೊ, ಈ ಹೆಂಗಸು ಯಾರು ಎಂಬ, ನಲವತ್ತು ವರ್ಷಗಳ ಹಿಂದೆಯೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಎದೆಗೆ ಎಸೆದ ವಸ್ತು.

ಅಲ್ಲಿಂದ ಮುಂದೆ ಚಿತ್ರವು ದೆಲಿಯಾಳನ್ನು ನೇಪಲ್ಸಿನ ಬೀದಿಗಳಲ್ಲಿ ನಡೆಸುತ್ತದೆ. ಪ್ರವಾಸಿಗರ ಚಿತ್ರಪಟಗಳಲ್ಲಿ ಕಾಣುವ ಕೊಲ್ಲಿಯಾಗಲಿ ವೆಸೂವಿಯಸ್ಸಾಗಲಿ ಇಲ್ಲಿ ಮುಖ್ಯವಲ್ಲ. ಲೂಕಾ ಬಿಗಾತ್ಸಿಯ ಛಾಯಾಗ್ರಹಣದಲ್ಲಿ ಈ ನಗರವು ನೂಕುನುಗ್ಗಲಿನ ವಾಹನಗಳು, ಮಳೆಯಲ್ಲಿ ನೆನೆದ ಗೋಡೆಗಳು, ಕತ್ತಲ ಮೆಟ್ಟಿಲುಗಳು, ಮೈಗೆ ತಾಗಿಯೇ ಹಾದುಹೋಗುವ ಗಂಡಸರು, ಎಲ್ಲಕ್ಕಿಂತ ಹೆಚ್ಚಾಗಿ ಕಿವಿಯನ್ನು ಬಿಡದೆ ಬಡಿಯುವ ಕೂಗು, ಇವುಗಳಿಂದ ಕಟ್ಟಿದ ಒಂದು ದೇಹದಂತಿದೆ. ಮಗಳ ಹುಟ್ಟುಹಬ್ಬಕ್ಕಾಗಿ ತಾಯಿಯು ಕೊಂಡಿಟ್ಟಿದ್ದ ಕೆಂಪು ಉಡುಪನ್ನು ಮಗಳು ಧರಿಸುತ್ತಾಳೆ. ಅದು ಅವಳ ಸ್ವಭಾವಕ್ಕೆ ಒಗ್ಗುವ ಉಡುಪಲ್ಲ. ಮೈಯನ್ನು ಮರೆಸಿ ಬದುಕಿದವಳಿಗೆ ಮೈಯನ್ನು ಮೆರೆಯಿಸುವ ಬಟ್ಟೆ. ಆ ಕೆಂಪು ಬಣ್ಣ ಬೂದುಬಣ್ಣದ ಊರಿನಲ್ಲಿ ಸಂಚರಿಸುವಾಗ, ಮಗಳು ನಡೆಯುತ್ತಿರುವಳೊ, ಮೃತಳಾದ ತಾಯಿ ಮಗಳ ಕಾಲಿನಿಂದ ನಡೆಯುತ್ತಿರುವಳೊ ಎಂಬ ಭ್ರಾಂತಿ ನೋಡುವವನಿಗೆ ಉಂಟಾಗುತ್ತದೆ; ಬೊನಯೂತೊಳ ನಡಿಗೆಯೊಂದನ್ನು ನೋಡುವುದಕ್ಕಾಗಿಯೇ ನಾನು ಈ ಚಿತ್ರವನ್ನು ಎರಡನೆಯ ಬಾರಿ ನೋಡಿದೆನೆಂದರೆ ಅತಿಶಯೋಕ್ತಿಯಾಗದು.

ದೆಲಿಯಾಳ ತಂದೆ ಚಿತ್ರಕಾರ. ಸಂತೆಯಲ್ಲಿ ಮಾರಾಟವಾಗುವ ಅರೆಬೆತ್ತಲೆ ಹೆಂಗಸರ ಪಟಗಳನ್ನು ಒಂದರ ಮೇಲೊಂದು ಬರೆದು ಹೊಟ್ಟೆ ಹೊರೆಯುವವನು. ಆ ಪಟಗಳಲ್ಲಿನ ಮೈ ತನ್ನ ಹೆಂಡತಿಯದೆಂಬ ಭಾವನೆಗೆ ಎಡೆಗೊಡುವಂತೆ ಬರೆದು, ಅದೇ ಹೆಂಡತಿ ಕಿಟಕಿಯ ಬಳಿ ನಿಂತರೆ, ಯಾರಾದರೂ ಆಡಿದ ಮಾತಿಗೆ ನಕ್ಕರೆ, ಅವಳನ್ನು ಹೊಡೆಯುವವನು. ಕಾದಂಬರಿಯಲ್ಲಿ, ಜನ ತುಂಬಿದ ಟ್ರಾಮಿನಲ್ಲಿ ಹೆಂಡತಿಯ ಮೈಗೆ ಪರಪುರುಷರ ಮೈ ಸೋಕದಿರಲೆಂದು ಈತ ಅವಳನ್ನು ತನ್ನ ದೇಹದಿಂದ ಬೇಲಿ ಕಟ್ಟಿ ನಿಲ್ಲುವ ಸಂದರ್ಭವೊಂದಿದೆ. ರಕ್ಷಣೆಗೂ ಬಂಧನಕ್ಕೂ ಇರುವ ಅಂತರ ಎಷ್ಟು ಕಡಿಮೆಯೆಂಬುದನ್ನು ಹೇಳಲು ಇದಕ್ಕಿಂತ ಹೆಚ್ಚಿನ ದೃಷ್ಟಾಂತ ಬೇಡ. ಕಸೆರ್ತಾ ಎಂಬ ಪರಿಚಿತನೊಬ್ಬನು ಅಮಾಲಿಯಾಳನ್ನು ನಗಿಸಬಲ್ಲವನಾಗಿದ್ದ. ಅದೇ ಅವನ ಅಪರಾಧ, ಅದೇ ಅವಳ ಅಪರಾಧ.

ಈ ತಂದೆಯೊಬ್ಬನ ದುರ್ಗುಣವೆಂದು ಇದನ್ನು ತಳ್ಳಿಬಿಡುವಂತಿಲ್ಲ. ದೆಲಿಯಾಳ ಬಾಲ್ಯವು ಕಳೆದ ಶತಮಾನದ ಐವತ್ತರ ದಶಕಕ್ಕೆ ಸೇರಿದುದು. ಫ್ಯಾಸಿಸ್ಟರ ಆಳ್ವಿಕೆಯಲ್ಲಿ, ೧೯೩೦ರಲ್ಲಿ ರೂಪುಗೊಂಡ ದಂಡಸಂಹಿತೆಯೇ ಆಗಲೂ ಜಾರಿಯಲ್ಲಿತ್ತು. ಅದರ ೫೫೯ನೆಯ ವಿಧಿಯಂತೆ ವ್ಯಭಿಚಾರದ ಕಾರಣ ಹೆಂಡತಿಯನ್ನು ಒಂದು ವರ್ಷದವರೆಗೆ ಸೆರೆಗೆ ಹಾಕಬಹುದಾಗಿತ್ತು. ಅಂಥದೇ ನಡತೆಗೆ ಗಂಡನನ್ನು ಶಿಕ್ಷಿಸುವ ವಿಧಿ ಇರಲಿಲ್ಲ, ಪರಸ್ತ್ರೀಯನ್ನು ಬಹಿರಂಗವಾಗಿ ಇಟ್ಟುಕೊಂಡಿದ್ದರೆ ಮಾತ್ರ ಕಾನೂನು ಆತನತ್ತ ನೋಡುತ್ತಿತ್ತು. ಈ ತಾರತಮ್ಯವನ್ನು ೧೯೬೧ರಲ್ಲಿ ಎತ್ತಿಹಿಡಿದ ಸಂವಿಧಾನ ನ್ಯಾಯಾಲಯವೇ ೧೯೬೮ರಲ್ಲಿ ಅದನ್ನು ರದ್ದುಪಡಿಸಿತು. ೫೮೭ನೆಯ ವಿಧಿ ಇದಕ್ಕಿಂತ ಘೋರವಾದುದು: ಮಾನದ ಹೆಸರಿನಲ್ಲಿ, ಕೋಪಾವೇಶದಲ್ಲಿ, ಹೆಂಡತಿಯನ್ನೊ ಮಗಳನ್ನೊ ಸಹೋದರಿಯನ್ನೊ ಕೊಂದವನಿಗೆ ಮೂರರಿಂದ ಏಳು ವರ್ಷಗಳ ಅಲ್ಪಶಿಕ್ಷೆಯನ್ನು ಅದು ಗೊತ್ತುಮಾಡಿತ್ತು, ಮತ್ತು ಅದು ತೊಲಗಿದುದು ೧೯೮೧ರಲ್ಲಿ. ವಿವಾಹವಿಚ್ಛೇದನವು ೧೯೭೦ರವರೆಗೆ ಸಾಧ್ಯವಿರಲಿಲ್ಲ. ಗಂಡಹೆಂಡಿರು ಸಂಸಾರದಲ್ಲಿ ಸಮಾನರೆಂಬ ಕಾನೂನು ಬಂದುದು ೧೯೭೫ರಲ್ಲಿ. ಹೆಂಡತಿ, ಮಗಳು, ಸಹೋದರಿ, ಈ ಮೂವರನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದ ಆ ವಿಧಿಯ ಮಾತನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ತಾಯಿ ನಿಂತಿದ್ದ ಕಟಕಟೆಯಲ್ಲಿಯೇ ನಾಳೆ ನಿಲ್ಲಬೇಕಾದವಳು ಮಗಳು. ಆದರೆ ಅದನ್ನು ಅರಿಯದ ಎಳೆಯ ವಯಸ್ಸಿನಲ್ಲಿ ಅವಳನ್ನು ಆ ಮನೆ ಕರೆಸಿದುದು ಸಾಕ್ಷಿಯಾಗಿ.

ಇಲ್ಲಿಗೆ ಬಂದು ಕಥೆಯ ಮರ್ಮವನ್ನು ಹೇಳದೆ ವಿಧಿಯಿಲ್ಲ. ಐದು ವರ್ಷದ ದೆಲಿಯಾ ಒಂದು ದಿನ ತಂದೆಯ ಬಳಿ ಬಂದು, ಅಮ್ಮನೂ ಕಸೆರ್ತಾನೂ ಹೀಗೆ ಮಾಡಿದರು, ಹೀಗೆ ಮಾತಾಡಿದರು ಎಂದು ಹೇಳುತ್ತಾಳೆ. ಆ ಮಾತು ತಾಯಿಯನ್ನು ಬಡಿತಕ್ಕೆ ಒಡ್ಡುತ್ತದೆ, ಕಸೆರ್ತಾನನ್ನು ಹೊಡೆದು ಓಡಿಸುವುದಕ್ಕೆ ತಂದೆಯೊಡನೆ ಸೋದರಮಾವ ಫಿಲಿಪ್ಪೊನೂ ಕೈಜೋಡಿಸುತ್ತಾನೆ, ಒಡಹುಟ್ಟಿದವಳ ಪಕ್ಷವನ್ನು ಬಿಟ್ಟು ಭಾವನ ಪಕ್ಷವನ್ನು ಹಿಡಿಯುತ್ತಾನೆ, ಸಂಸಾರ ಒಡೆಯುತ್ತದೆ. ಆದರೆ ಮಗು ಹೇಳಿದ ಆ ಅಸಭ್ಯವಾದ ನುಡಿ, ಆ ಕೃತ್ಯ, ಅವೆಲ್ಲ ನಡೆದುದು ತಾಯಿಯ ವಿಷಯದಲ್ಲಲ್ಲ. ಕಸೆರ್ತಾನ ವೃದ್ಧ ತಂದೆಯು ತನ್ನ ಅಂಗಡಿಯ ನೆಲಮಾಳಿಗೆಯ ಕತ್ತಲಿನಲ್ಲಿ ಆ ಹಸುಳೆಯ ಮೇಲೆಯೇ ದುಷ್ಕೃತ್ಯವೆಸಗಿ ಆಡಿದ ನುಡಿಗಳವು. ತನಗಾದುದನ್ನು ಹೇಳಲು ಮಗುವಿಗೆ ಭಾಷೆಯಿಲ್ಲ. ಮನೆಯಲ್ಲಿ ದಿನಬೆಳಗಾದರೆ ಕೇಳಿಬರುತ್ತಿದ್ದುದು ತಾಯಿಯ ಶೀಲವನ್ನು ಕುರಿತ ಸಂದೇಹವೊಂದೇ ಆದುದರಿಂದ, ಇದ್ದ ಆ ಒಂದೇ ಅಚ್ಚಿನಲ್ಲಿ ತನ್ನ ಸಂಕಟವನ್ನು ಹೊಯ್ದು, ಅದನ್ನು ತಾಯಿಯ ಅಪರಾಧವನ್ನಾಗಿ ಎರಕ ಮಾಡಿತು. ತನ್ನನ್ನು ಬಿಟ್ಟು ಅಮ್ಮ ಇನ್ನಾರ ಕಡೆಗೋ ಸಂತೋಷದಿಂದ ಹೋಗುತ್ತಾಳೆಂಬ ಅಸೂಯೆಯೂ ಅದರೊಡನೆ ಬೆರೆತಿತ್ತು. ಹೀಗೆ ತಂದೆಯ ಶಂಕೆ ಮಗಳ ನಾಲಗೆಯನ್ನು ಎರವಲು ಪಡೆಯಿತು. ಆಮೇಲೆ ಮಗಳು ತನಗಾದುದನ್ನೂ ಮರೆತಳು, ತಾನು ಹೇಳಿದುದನ್ನೂ ಮರೆತಳು. ತಾಯಿಯನ್ನು ಕಂಡರೆ ಆಗುವುದಿಲ್ಲವೆಂಬುದೊಂದು ಮಾತ್ರ ಉಳಿಯಿತು.

ನಮ್ಮ ಪುರಾಣದ ರೇಣುಕೆಯ ಕಥೆ ಇಲ್ಲಿ ನೆನಪಾಗದೆ ಇರದು. ಸವದತ್ತಿಯ ಗುಡ್ಡದಲ್ಲಿ ಎಲ್ಲಮ್ಮನೆಂದು ಲಕ್ಷಾಂತರ ಜನ ಕೈಮುಗಿಯುವ ಆ ತಾಯಿಯ ಅಪರಾಧವೂ ನೀರಿನ ಬಳಿ ಒಂದು ಕ್ಷಣ ಮನಸ್ಸು ಚಲಿಸಿದುದು ಮಾತ್ರ. ಗಂಡನ ಕೋಪವನ್ನು ನಡೆಸಿಕೊಟ್ಟ ಕೈ ಮಗನದು. ಆದರೆ ಮಹಾಭಾರತದ ವನಪರ್ವದಲ್ಲಿ ಆ ಮಗ ಪರಶುರಾಮನಿಗೆ ವರವೊಂದು ದೊರಕುತ್ತದೆ: ತಾಯಿ ಬದುಕಲಿ, ಮತ್ತು ತನ್ನ ವಧೆಯ ನೆನಪು ಅವಳಿಗೆ ಉಳಿಯದಿರಲಿ ಎಂದು ಅವನು ಬೇಡುತ್ತಾನೆ. ನೇಪಲ್ಸಿನ ಮಗಳಿಗೆ ಅಂಥ ವರವಿಲ್ಲ. ಇಲ್ಲಿ ಮರೆತವಳು ಏಟು ಕೊಟ್ಟವಳೇ ಹೊರತು ತಿಂದವಳಲ್ಲ. ತಾಯಿ ಎಲ್ಲವನ್ನೂ ನೆನಪಿಟ್ಟುಕೊಂಡು, ಒಂದು ದಿನವೂ ಮಗಳನ್ನು ಆ ಬಗ್ಗೆ ಕೇಳದೆ, ಹೊಲಿಗೆಯ ಯಂತ್ರದ ಮುಂದೆ ಕುಳಿತು ಮುದುಕಿಯಾದಳು.

ತಾಯಿಯ ಪಾತ್ರವನ್ನು ಇಬ್ಬರು ನಟಿಯರು ಹಂಚಿಕೊಂಡಿದ್ದಾರೆ: ಯೌವನದ ಅಮಾಲಿಯಾ ಲೀಚಿಯಾ ಮಾಲ್ಯೆತ್ತಾ, ವೃದ್ಧಾಪ್ಯದ ಅಮಾಲಿಯಾ ಆಂಜೆಲಾ ಲೂಚೆ. ಮೊದಲನೆಯವಳಲ್ಲಿ ಬೆದರಿದ ಲಾವಣ್ಯವಿದೆ. ಎರಡನೆಯವಳಲ್ಲಿ ಬೆದರಿಕೆಯೆಲ್ಲ ತೀರಿಹೋದ ಮೇಲೆ ಬಂದ ಒಂದು ಉಲ್ಲಾಸ, ನೋಡುವವರಿಗೆ ಕಸಿವಿಸಿಯಾಗುವಷ್ಟು ಉಲ್ಲಾಸ. ಈ ಮುದುಕಿಯ ನಗುವನ್ನು ಸಹಿಸಲು ಮಗಳಿಗೆ ಕಷ್ಟವಾಗುವಂತೆ ನೋಡುಗರಲ್ಲಿಯೂ ಹಲವರಿಗೆ ಕಷ್ಟವಾಗುತ್ತದೆಂಬುದನ್ನು ನಾನು ಬಲ್ಲೆ. ನನ್ನ ಪಕ್ಕದಲ್ಲಿ ಕುಳಿತು ಚಿತ್ರ ನೋಡಿದ ಹಿರಿಯರೊಬ್ಬರು, ತಾಯಿಯಾದವಳನ್ನು ಹೀಗೆ ತೋರಿಸಬಾರದಾಗಿತ್ತು ಎಂದು ಬಹಳ ನೊಂದು ನುಡಿದರು. ಅವರ ನೋವು ಪ್ರಾಮಾಣಿಕವಾದುದು. ಆದರೂ ನನಗೆ ಆ ಮಾತನ್ನು ಒಪ್ಪಲಾಗಲಿಲ್ಲ. ತಾಯಿಯನ್ನು ಪೀಠದ ಮೇಲೆ ಕುಳ್ಳಿರಿಸಿ ಆರತಿ ಎತ್ತುವವನೂ, ಅವಳು ಕಿಟಕಿಯಲ್ಲಿ ನಿಂತಳೆಂದು ಕೈ ಎತ್ತುವವನೂ, ಅವಳನ್ನು ಒಂದು ಹೆಣ್ಣೆಂದು, ಹಸಿವು ಬಾಯಾರಿಕೆಗಳಂತೆ ನಗುವೂ ಆಸೆಯೂ ಉಳ್ಳ ಜೀವವೆಂದು ಕಾಣಲಾರದವರೇ. ಒಬ್ಬನ ಪೂಜೆಗೂ ಇನ್ನೊಬ್ಬನ ಪೆಟ್ಟಿಗೂ ಆಧಾರವಾದ ಆ ಕುರುಡು ಒಂದೇ ಬಗೆಯದು. ದೆಲಿಯಾ ಅರ್ಧ ಆಯುಸ್ಸು ಕಳೆದ ಮೇಲೆ, ಶವದ ಮೇಲಿನ ಒಂದು ತುಂಡು ಬಟ್ಟೆಯ ದೆಸೆಯಿಂದ, ಆ ಕುರುಡನ್ನು ಕಳೆದುಕೊಳ್ಳುತ್ತಾಳೆ.

ಇಟಲಿಯ ಚಲನಚಿತ್ರಕ್ಕೆ ತಾಯಿಯ ವಸ್ತು ಹೊಸದೇನೂ ಅಲ್ಲ. ವಿಸ್ಕೋಂತಿಯ 'ಬೆಲ್ಲಿಸ್ಸಿಮಾ' ಚಿತ್ರದಲ್ಲಿ (೧೯೫೧) ಆನ್ನಾ ಮಾನ್ಯಾನಿ, ಎಳೆಯ ಮಗಳನ್ನು ಹೇಗಾದರೂ ಚಿತ್ರನಟಿಯನ್ನಾಗಿ ಮಾಡಬೇಕೆಂದು ಒದ್ದಾಡುತ್ತಾಳೆ. ದೆ ಸೀಕಾನ 'ಲಾ ಚೊಚಾರಾ' ಚಿತ್ರದಲ್ಲಿ (೧೯೬೦) ಸೋಫಿಯಾ ಲೊರೆನ್, ಯುದ್ಧದ ಕ್ರೌರ್ಯಕ್ಕೆ ಮಗಳೊಡನೆ ತಾನೂ ಬಲಿಯಾದ ತಾಯಿ. ಎರಡೂ ಮಹತ್ವದ ಚಿತ್ರಗಳೇ. ಆದರೆ ಅವೆರಡರಲ್ಲಿಯೂ ನಾವು ತಾಯಿಯ ಪಕ್ಕದಲ್ಲಿ ನಿಂತು ಮಗಳನ್ನು ನೋಡುತ್ತೇವೆ. ಮಗಳ ಸ್ಥಾನದಲ್ಲಿ ನಿಂತು, ಅದೂ ನಂಬಿಕೆಗೆ ಅರ್ಹವಲ್ಲದ ನೆನಪಿನ ಮಗಳ ಸ್ಥಾನದಲ್ಲಿ ನಿಂತು ತಾಯಿಯನ್ನು ಅರಸುವ ಧೈರ್ಯ ಮಾರ್ತೊನೆಯದು.

ಚಿತ್ರದ ಇನ್ನೊಂದು ಸಂಗತಿ ಭಾಷೆಗೆ ಸಂಬಂಧಿಸಿದುದು. ಕನ್ನಡದವರಾದ ನಮಗೆ ಅದು ಬೇಗ ಮನಸ್ಸಿಗೆ ಹತ್ತುವಂಥದು. ದೆಲಿಯಾ ಆಡುವುದು ಶಾಲೆಯಲ್ಲಿ ಕಲಿತ ಶಿಷ್ಟ ಇಟಾಲಿಯನ್. ಊರು ಅವಳೊಡನೆ ಮಾತಾಡುವುದು ನೇಪಲ್ಸಿನ ಆಡುನುಡಿಯಲ್ಲಿ. ಮನೆಯಲ್ಲಿ ಒಂದು ಕನ್ನಡ, ಪುಸ್ತಕದಲ್ಲಿ ಇನ್ನೊಂದು ಕನ್ನಡ ಎಂಬ ಅನುಭವದಲ್ಲಿ ಬೆಳೆದ ನನ್ನಂಥವನಿಗೆ ಮನೆಮಾತೆಂದರೆ ಬೆಚ್ಚನೆಯ ಒಲೆಯ ನೆನಪು. ದೆಲಿಯಾಳಿಗೆ ಹಾಗಲ್ಲ. ತಾಯಿಯ ಲಾಲಿಯೂ, ತಂದೆಯ ಬೈಗಳೂ, ನೆಲಮಾಳಿಗೆಯ ಮುದುಕನ ನುಡಿಯೂ ಒಂದೇ ಭಾಷೆಯಲ್ಲಿದ್ದುದರಿಂದ, ಒಂದನ್ನು ಬಿಡಬೇಕಾದರೆ ಮೂರನ್ನೂ ಬಿಡಬೇಕಾಯಿತು. ಅವಳ ಶಿಷ್ಟಭಾಷೆಯು ವಿದ್ಯೆಯ ಗುರುತಾಗಿರುವಂತೆಯೇ ಬೀಗ ಹಾಕಿದ ಬಾಗಿಲೂ ಆಗಿದೆ. ಊರಿನ ಕೂಗು ಕಿವಿಗೆ ಬಿದ್ದು ಬಿದ್ದು ಆ ಬೀಗ ಸಡಿಲವಾದಾಗಲೇ ನೆನಪು ಹಿಂತಿರುಗುತ್ತದೆ. ಮೊದಲು ಹೇಳಿದ ಆ ಗದ್ಯಸಂಗ್ರಹಕ್ಕೆ ಫೆರಾಂತೆ ಇಟ್ಟ ಹೆಸರು 'ಫ್ರಾಂತುಮಾಲ್ಯಾ'. ಒಳಗೆ ಚೂರುಚೂರಾಗಿ ಒಂದಕ್ಕೊಂದು ಎಳೆದಾಡುವ ಮನಸ್ಸಿನ ಅವಸ್ಥೆಗೆ ತನ್ನ ತಾಯಿ ಬಳಸುತ್ತಿದ್ದ ಆಡುಮಾತು ಅದೆಂದು ಅವಳು ಹೇಳಿಕೊಂಡಿದ್ದಾಳೆ. ತಾಯಿಯಿಂದ ಮಗಳಿಗೆ ಒಡವೆಗಳು ಬರುವಂತೆ ಸಂಕಟದ ಹೆಸರುಗಳೂ ಬರುತ್ತವೆ.

ಚಿತ್ರದಲ್ಲಿ ದೋಷವಿಲ್ಲವೆಂದು ನಾನು ಹೇಳುವುದಿಲ್ಲ. ತಾಯಿಯ ಮರಣ ಹೇಗಾಯಿತೆಂಬ ಪತ್ತೇದಾರಿಯ ಎಳೆ ಕೆಲವೆಡೆ ಅಗತ್ಯಕ್ಕಿಂತ ಹೆಚ್ಚು ಬಿಗಿಯಾಗಿದೆ. ಕಸೆರ್ತಾನ ಮಗ ಅಂತೋನಿಯೊ ಬರುವ ಸನ್ನಿವೇಶಗಳು ಮುಖ್ಯವಾದ ವೇದನೆಯಿಂದ ನಮ್ಮ ಗಮನವನ್ನು ಎಳೆದೊಯ್ಯುತ್ತವೆ. ಅಮಾಲಿಯಾ ಜಾರಿ ಮುಳುಗಿದಳೊ, ತಾನಾಗಿ ನೀರಿಗೆ ಇಳಿದಳೊ ಎಂಬುದು ತೀರ್ಮಾನವಾಗುವುದಿಲ್ಲವೆಂದು ಆಕ್ಷೇಪಿಸುವವರೂ ಉಂಟು. ಅದನ್ನು ನಾನು ದೋಷವೆಂದು ಎಣಿಸೆನು. ಜೀವವಿದ್ದಾಗ ಅವಳ ಒಂದೊಂದು ಹೆಜ್ಜೆಗೂ ಲೆಕ್ಕ ಕೇಳಿದರು. ಮರಣದ ಲೆಕ್ಕವನ್ನಾದರೂ ಕೊಡದೆ ಹೋಗುವ ಹಕ್ಕು ಅವಳಿಗೆ ಇರಲಿ.

ಮಗಳು ತಂದೆಯನ್ನು ಕಾಣಲು ಹೋಗುವ ಪ್ರಸಂಗವು ಚಿತ್ರದ ಅತ್ಯಂತ ಕಠಿನವಾದ ಭಾಗ. ಅದೇ ಪಟಗಳ ನಡುವೆ ಮುದುಕ ಕುಳಿತಿದ್ದಾನೆ. ಹೆಂಡತಿ ಸತ್ತಳೆಂಬುದು ಅವನ ಶಂಕೆಯನ್ನು ಸ್ವಲ್ಪವೂ ಕುಂದಿಸಿಲ್ಲ. ಪಶ್ಚಾತ್ತಾಪದ ಲೇಶವೂ ಅಲ್ಲಿಲ್ಲ. ಕಾಲವು ಎಲ್ಲರನ್ನೂ ಮೃದುವಾಗಿಸುತ್ತದೆಂಬ ನಮ್ಮ ಸಮಾಧಾನದ ಮಾತನ್ನು ಈ ದೃಶ್ಯ ಒಪ್ಪುವುದಿಲ್ಲ. ಆದರೆ ಅವನೆದುರು ನಿಂತ ದೆಲಿಯಾ ಮೊದಲಿನವಳಲ್ಲ. ಐದು ವರ್ಷದವಳಾಗಿದ್ದಾಗ ತಾನು ಹೇಳಿದ ಮಾತನ್ನು ಆ ಮನೆಯಿಂದ ಹಿಂದಕ್ಕೆ ಪಡೆಯಲು ಬಂದವಳಂತೆ ಅವಳು ಅಲ್ಲಿ ನಿಲ್ಲುತ್ತಾಳೆ, ಮತ್ತು ತಂದೆಯ ದೃಷ್ಟಿ ಅವಳ ಕಣ್ಣಿನಿಂದ ಪೊರೆ ಕಳಚಿದಂತೆ ಕಳಚುವುದನ್ನು ಬೊನಯೂತೊ ಮಾತಿಲ್ಲದೆ, ಕತ್ತನ್ನು ನೆಟ್ಟಗೆ ಹಿಡಿದ ಒಂದು ರೀತಿಯಿಂದಲೇ ತೋರಿಸುತ್ತಾಳೆ.

ಕಾದಂಬರಿಯಲ್ಲಿ ಗುರುತಿನ ಚೀಟಿಯ ವೃತ್ತಾಂತವೊಂದು ಬರುತ್ತದೆ. ತಾಯಿಯ ಸಾಮಾನುಗಳ ನಡುವೆ ಸಿಕ್ಕಿದ ಅವಳ ಚೀಟಿಯನ್ನು ಮಗಳು ನೋಡಿದಾಗ, ಅದರಲ್ಲಿನ ಭಾವಚಿತ್ರ ತಿದ್ದಲ್ಪಟ್ಟಿದೆ. ಮುದುಕಿಯಾದ ಅಮಾಲಿಯಾ ತನ್ನ ಮುಖವನ್ನು ಗೆರೆಗೆರೆಯಾಗಿ ಮಾರ್ಪಡಿಸಿ ಮಗಳ ಮುಖಕ್ಕೆ ಹತ್ತಿರ ತಂದಿದ್ದಾಳೆ. ಕೊನೆಗೆ ದೆಲಿಯಾ ತನ್ನ ಚೀಟಿಯನ್ನು ಹೊರತೆಗೆಯುತ್ತಾಳೆ. ಚಿತ್ರ ಬರೆಯುವುದೇ ಕಸುಬಾದ ಆ ಕೈ ಲೇಖನಿಯನ್ನು ಎತ್ತಿಕೊಂಡು, ಗಿಡ್ಡಗೆ ಕತ್ತರಿಸಿದ ತನ್ನ ಕೂದಲಿನ ಮೇಲೆ, ಎಷ್ಟೋ ವರ್ಷಗಳ ಹಿಂದಿನ ರೀತಿಯಲ್ಲಿ ಅಮಾಲಿಯಾ ಬಾಚಿಕೊಳ್ಳುತ್ತಿದ್ದ ಕೂದಲನ್ನು ನಿಧಾನವಾಗಿ ಬರೆಯತೊಡಗುತ್ತದೆ.